ಮ್ಯೂನಿಕ್‌ನ ಆಸಾಮ್ ಚರ್ಚ್: ಬಾಗಿಲಲ್ಲೇ ಫೋಟೋ ತೆಗೆದು ಹೊರಡಬೇಡಿ, ಒಳಗೆ ಹೋಗಿ ಕುಳಿತುಕೊಳ್ಳಿ

ಇಸಾರ್‌ದಂಡೆ

ಮ್ಯೂನಿಕ್‌ಗೆ ಬರುವ ಕನ್ನಡಿಗರಿಗೆ ಒಂದು ಕೋರಿಕೆ. ಮರಿಯೆನ್‌ಪ್ಲಾಟ್ಸ್ ಚೌಕದಲ್ಲಿ ಪುರಭವನದ ಗಡಿಯಾರದ ಗೊಂಬೆಗಳ ಕುಣಿತ ನೋಡಿ ಮುಗಿಸಿದ ಮೇಲೆ ಹತ್ತು ನಿಮಿಷ ನಡೆದು ಸೆಂಡ್ಲಿಂಗರ್ ಬೀದಿಗೆ ಬನ್ನಿ. ಬಟ್ಟೆ ಅಂಗಡಿ, ಕಾಫಿ ಅಂಗಡಿಗಳ ಸಾಲಿನ ನಡುವೆ, ಅಕ್ಕಪಕ್ಕದ ಮನೆಗಳಿಗೆ ಗೋಡೆ ತಾಗಿಸಿಕೊಂಡು ಆಸಾಮ್ ಚರ್ಚ್ ನಿಂತಿದೆ. ಅದರ ನಿಜವಾದ ಹೆಸರು ಸಂತ ಯೋಹಾನ ನೆಪೋಮುಕ್ ಚರ್ಚ್. ಆದರೆ ಜನರ ಬಾಯಲ್ಲಿ ಉಳಿದದ್ದು ಅದನ್ನು ಕಟ್ಟಿದ ಅಣ್ಣತಮ್ಮಂದಿರ ಮನೆತನದ ಹೆಸರು. ಅಣ್ಣ ಕೋಸ್ಮಾಸ್ ಡಾಮಿಯಾನ್ ಆಸಾಮ್ ವರ್ಣಚಿತ್ರಕಾರ. ತಮ್ಮ ಎಗಿಡ್ ಕ್ವಿರಿನ್ ಆಸಾಮ್ ಶಿಲ್ಪಿ, ಗಾರೆ ಕೆಲಸದಲ್ಲಿ ಎತ್ತಿದ ಕೈ. 1733ರಲ್ಲಿ ಶುರುವಾದ ಕೆಲಸ 1746ರಲ್ಲಿ ಮುಗಿಯಿತು.

ಇಷ್ಟು ಹೆಸರಾದ ಚರ್ಚ್‌ನ ಅಳತೆ ಕೇಳಿದರೆ ನಂಬುವುದು ಕಷ್ಟ: ಉದ್ದ 22 ಮೀಟರ್, ಅಗಲ 8 ಮೀಟರ್. ನಮ್ಮ ಎರಡು ಸರ್ಕಾರಿ ಬಸ್ಸುಗಳನ್ನು ಒಂದರ ಹಿಂದೆ ಒಂದು ನಿಲ್ಲಿಸಿದರೆ ಚರ್ಚ್‌ನ ಉದ್ದ ಮುಗಿದೇ ಹೋಯಿತು. ಆ ಇಕ್ಕಟ್ಟಿನೊಳಗೆ ತಿರುಚಿದ ಕಂಬಗಳು, ದೇವದೂತರು, ಮೋಡಗಳು, ಚಿನ್ನದ ರೇಕು, ಬಣ್ಣ ಬಣ್ಣದ ಗೋಡೆ, ಚಾವಣಿ ತುಂಬ ಚಿತ್ರ. ಬಂದವರಲ್ಲಿ ಬಹುಪಾಲು ಜನ ಬಾಗಿಲಲ್ಲೇ ನಿಂತು ಮೊಬೈಲ್ ಎತ್ತುತ್ತಾರೆ, ನಾಲ್ಕು ಚಿತ್ರ ತೆಗೆಯುತ್ತಾರೆ, "ಅಬ್ಬಾ" ಎಂದು ಹೊರಟುಬಿಡುತ್ತಾರೆ. ನನಗೆ ಬೇಸರ ತರುವುದು ಇದೇ. ಈ ಚರ್ಚ್ ಬಾಗಿಲಿನಿಂದ ನೋಡುವಂಥದ್ದಲ್ಲ. ಬೆಂಚಿನ ಮೇಲೆ ಕುಳಿತು, ಕಣ್ಣನ್ನು ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಏರಿಸುತ್ತಾ ಹೋದವರಿಗೆ ಮಾತ್ರ ಇದು ತೆರೆದುಕೊಳ್ಳುತ್ತದೆ.

ಏಕೆಂದರೆ ಇಲ್ಲಿ ಬೆಳಕನ್ನೇ ಮೂರು ಅಂತಸ್ತಾಗಿ ಹಂಚಿದ್ದಾರೆ. ಭಕ್ತರು ಕೂರುವ ನೆಲಮಟ್ಟ ಬೇಕೆಂದೇ ಮಬ್ಬಾಗಿದೆ. ಅದು ಕಷ್ಟಕೋಟಲೆಗಳ ಈ ಲೋಕ. ಅದರ ಮೇಲಿನ ಮಾಳಿಗೆಯ ಹಂತ ಬಿಳಿ ಮತ್ತು ನೀಲಿ ಬಣ್ಣದ್ದು, ಚಕ್ರವರ್ತಿಗೆ ಮೀಸಲು ಎಂಬ ಭಾವನೆಯಿಂದ ರೂಪಿಸಿದ್ದು. ಎಲ್ಲಕ್ಕಿಂತ ಮೇಲಿನದು ದೇವರಿಗೂ ಅನಂತಕ್ಕೂ ಸೇರಿದ ಚಾವಣಿಚಿತ್ರ. ಗೋಡೆಯ ಮೇಲಂಚಿನಲ್ಲಿ ದಪ್ಪನೆಯ ಚಾಚುಪಟ್ಟಿಯೊಂದು ಸುತ್ತಲೂ ಹರಿದಿದೆ. ಚಾವಣಿಯನ್ನು ಬೆಳಗುವ ಕಿಟಕಿಗಳು ಅದರ ಹಿಂದೆ ಅಡಗಿವೆ. ಕೆಳಗೆ ಕುಳಿತವರಿಗೆ ಚಿತ್ರ ಬೆಳಗುವುದು ಕಾಣುತ್ತದೆ, ಬೆಳಕಿನ ಮೂಲ ಕಾಣುವುದಿಲ್ಲ. ಬಾಗಿಲಲ್ಲಿ ನಿಂತು ತೆಗೆದ ಫೋಟೋದಲ್ಲಿ ಈ ಮೂರೂ ಹಂತಗಳು ಒಂದೇ ಚಿನ್ನದ ಮುದ್ದೆಯಾಗಿ ಬಂದುಬಿಡುತ್ತವೆ.

ನೋಡಿದವರು ತಮ್ಮ ಅನಿಸಿಕೆ ಬರೆಯಿರಿ. ಬರಲಿರುವವರು ಏನು ಬೇಕಾದರೂ ಕೇಳಿ.

ತುಂಗಾತೀರ

ಇಸಾರ್‌ದಂಡೆಯವರೇ, ಸರಿಯಾದ ಹೊತ್ತಿಗೆ ಬರೆದಿದ್ದೀರಿ. ಅಕ್ಟೋಬರ್‌ನಲ್ಲಿ ಅಪ್ಪ ಅಮ್ಮನನ್ನು ಕರೆದುಕೊಂಡು ಬರುತ್ತಿದ್ದೇನೆ. ಅಪ್ಪ ನಿವೃತ್ತ ಶಾಲಾ ಶಿಕ್ಷಕರು. ಹಳೆಯ ಕಟ್ಟಡವೆಂದರೆ ಊಟ ತಿಂಡಿ ಮರೆಯುತ್ತಾರೆ. ಅಮ್ಮನಿಗೆ ಬೇರೆ ಧರ್ಮದವರ ದೇವರ ಮನೆಗೆ ಹೇಗೆ ಹೋಗುವುದು, ಏನು ಮಾಡಿದರೆ ತಪ್ಪಾಗುತ್ತದೋ ಎಂಬ ಸಂಕೋಚ. ಟಿಕೆಟ್ ಇದೆಯೇ? ಚಪ್ಪಲಿ ಬಿಡಬೇಕೇ? ತಲೆ ಮುಚ್ಚಿಕೊಳ್ಳಬೇಕೇ? ಬೆಳಿಗ್ಗೆ ಒಳ್ಳೆಯದೋ ಸಂಜೆಯೋ? ಇನ್ನೊಂದು, ಇಬ್ಬರಿಗೂ ತುಂಬಾ ನಡೆಯಲು ಆಗುವುದಿಲ್ಲ.

ಇಸಾರ್‌ದಂಡೆ

ತುಂಗಾತೀರ ಅವರಿಗೆ: ಟಿಕೆಟ್ ಇಲ್ಲ. ಕಾಣಿಕೆ ಡಬ್ಬಿ ಇದೆ, ಮನಸ್ಸಿದ್ದರೆ ಹಾಕಬಹುದು. ಚಪ್ಪಲಿ ಬಿಡುವ ಪದ್ಧತಿ ಇಲ್ಲ. ಗಂಡಸರು ಟೋಪಿ ತೆಗೆಯುತ್ತಾರೆ. ಹೆಂಗಸರು ತಲೆ ಮುಚ್ಚಲೇಬೇಕೆಂಬ ನಿಯಮ ಈಗ ಇಲ್ಲ. ಅಮ್ಮನವರು ಸುಮ್ಮನೆ ಬೆಂಚಿನ ಮೇಲೆ ಕುಳಿತುಕೊಂಡರೆ ಸಾಕು, ಯಾರೂ ಏನೂ ಕೇಳುವುದಿಲ್ಲ. ಬಲಿಪೂಜೆ, ಅಂದರೆ ಕಥೋಲಿಕರ ಸಾಮೂಹಿಕ ಆರಾಧನೆ, ನಡೆಯುತ್ತಿರುವಾಗ ಮಾತ್ರ ಓಡಾಡುವುದು, ಫೋಟೋ ತೆಗೆಯುವುದು ಬೇಡ. ಇದು ಇಂದಿಗೂ ಪ್ರಾರ್ಥನೆ ನಡೆಯುವ ಜಾಗ. ತೆರೆದಿರುವ ವೇಳೆ ದಿನದಿಂದ ದಿನಕ್ಕೆ ಬದಲಾಗಬಹುದು, ಹೊರಡುವ ಮುನ್ನ ನೋಡಿಕೊಳ್ಳಿ.

ನಡಿಗೆ ಕಡಿಮೆ ಬೇಕೆಂದರೆ ಮೆಟ್ರೋದಲ್ಲಿ ಸೆಂಡ್ಲಿಂಗರ್ ಟೋರ್ ನಿಲ್ದಾಣಕ್ಕೆ ಬನ್ನಿ. ಟೋರ್ ಎಂದರೆ ಹೆಬ್ಬಾಗಿಲು. ನಿಲ್ದಾಣದ ಪಕ್ಕದಲ್ಲೇ ಹಳೆಯ ನಗರದ ಕೋಟೆಬಾಗಿಲು ಇನ್ನೂ ನಿಂತಿದೆ. ಅದರ ಒಳಗಿನಿಂದ ಸೆಂಡ್ಲಿಂಗರ್ ಬೀದಿಗೆ ಕಾಲಿಟ್ಟರೆ ಕೆಲವೇ ನಿಮಿಷ. ಈಗ ಆ ಬೀದಿ ಪಾದಚಾರಿಗಳದ್ದು, ವಾಹನಗಳ ಕಾಟ ಇಲ್ಲ.

ಹೊತ್ತಿನ ಬಗ್ಗೆ ಕೇಳಿದಿರಿ. ನನ್ನ ಮತ ಬೆಳಗಿನ ಹೊತ್ತಿಗೆ. ಸಾಮಾನ್ಯವಾಗಿ ಚರ್ಚ್‌ಗಳ ಬಲಿಪೀಠ, ಅಂದರೆ ಪೂಜೆ ನಡೆಯುವ ವೇದಿಕೆ, ಪೂರ್ವದ ಕಡೆ ಇರುತ್ತದೆ. ಇಲ್ಲಿ ಅದು ಪಶ್ಚಿಮಕ್ಕಿದೆ, ಬೀದಿಯ ಕಡೆಯ ಮುಖ ಪೂರ್ವಕ್ಕೆ. ಹಾಗಾಗಿ ಬೆಳಗಿನ ಬಿಸಿಲು ಮುಂಭಾಗದ ದೊಡ್ಡ ಕಿಟಕಿಯಿಂದ ನಮ್ಮ ಬೆನ್ನ ಹಿಂದಿನಿಂದ ಒಳಗೆ ಬರುತ್ತದೆ.

ಒಳಗೆ ಹೋಗುವ ಮುನ್ನ ಅಪ್ಪನವರಿಗೆ ಮುಂಭಾಗವನ್ನು ಒಂದು ಗಳಿಗೆ ತೋರಿಸಿ. ಗೋಡೆ ನೆಟ್ಟಗಿಲ್ಲ, ಬೀದಿಯ ಕಡೆಗೆ ಸ್ವಲ್ಪ ಉಬ್ಬಿದೆ. ಬುಡದಲ್ಲಿ ಕೆತ್ತದ ಒರಟು ಬಂಡೆಗಳನ್ನು ಹಾಗೆಯೇ ಕೂರಿಸಿದ್ದಾರೆ. ಅಷ್ಟು ನಯವಾದ ಕಟ್ಟಡ ನೆಲದಿಂದ ಒಡೆದುಕೊಂಡು ಎದ್ದು ಬಂದ ಹಾಗೆ ಕಾಣುತ್ತದೆ. ಬಾಗಿಲಿನ ಮೇಲೆ ದೇವದೂತರ ನಡುವೆ ಮಂಡಿಯೂರಿದವನು ಸಂತ ನೆಪೋಮುಕ್.

ಹಳೆಕಲ್ಲು

ನಾನು ಈ ಚರ್ಚ್ ನೋಡಿದ್ದೇನೆ. ನಿಮ್ಮ ಉತ್ಸಾಹಕ್ಕೆ ಗೌರವವಿದೆ, ಆದರೆ ನನಗೆ ಒಳಗೆ ಉಸಿರು ಕಟ್ಟಿದಂತಾಯಿತು. ಕೈಯಗಲ ಖಾಲಿ ಜಾಗ ಇಲ್ಲ. ಯಾವುದನ್ನು ನೋಡುವುದು, ಯಾವುದನ್ನು ಬಿಡುವುದು? ಅದೇ ಊರಿನ ಫ್ರೌಯೆನ್‌ಕಿರ್ಷೆಗೆ ಹೋಗಿ ನೋಡಿ. ಹದಿನೈದನೆಯ ಶತಮಾನದ ಇಟ್ಟಿಗೆಯ ಕಟ್ಟಡ, ಒಳಗೆ ಎತ್ತರದ ಬಿಳಿಯ ಕಂಬಗಳು, ಅಷ್ಟೇ. ಮನಸ್ಸು ತಾನಾಗಿ ನಿಲ್ಲುತ್ತದೆ. ಪ್ರಾರ್ಥನೆಗೆ ಬೇಕಾದದ್ದು ಆ ಮೌನ ಎಂದು ನನ್ನ ನಂಬಿಕೆ. ಚಿನ್ನ ಮೆತ್ತಿದಷ್ಟೂ ದೇವರಿಗಿಂತ ಮಾಡಿಸಿದವನ ಸಿರಿವಂತಿಕೆಯೇ ಎದ್ದು ಕಾಣುತ್ತದೆ. ಇಷ್ಟೊಂದು ಹಣ ಯಾರದ್ದು, ಯಾವ ರಾಜನ ಬೊಕ್ಕಸದ್ದು ಎಂಬ ಪ್ರಶ್ನೆಯೂ ನನ್ನನ್ನು ಕಾಡಿತು.

ಗೋಡೆಚಿತ್ರ

ಹಳೆಕಲ್ಲು ಅವರ ಕೊನೆಯ ಪ್ರಶ್ನೆಗೆ ಉತ್ತರವಿದೆ, ಮತ್ತು ಅದು ಈ ಚರ್ಚ್‌ನ ಬಗ್ಗೆ ನಮ್ಮ ನೋಟವನ್ನೇ ಬದಲಿಸುತ್ತದೆ. ಇದನ್ನು ಯಾವ ರಾಜನೂ ಮಾಡಿಸಲಿಲ್ಲ, ಯಾವ ಮಠವೂ ಮಾಡಿಸಲಿಲ್ಲ. ಎಗಿಡ್ ಕ್ವಿರಿನ್ ತನ್ನ ಸ್ವಂತ ಮನೆಯ ಪಕ್ಕದ ಜಾಗದಲ್ಲಿ, ತನ್ನ ದುಡಿಮೆಯ ಹಣದಿಂದ, ಖಾಸಗಿ ಚರ್ಚ್ ಆಗಿ ಕಟ್ಟಿಸಿದ್ದು. ಕಟ್ಟಿಸಿದವನೂ ಅವನೇ, ಗಾರೆ ಹಿಡಿದವನೂ ಅವನೇ. ಬಲಿಪೀಠವನ್ನು ಪಶ್ಚಿಮಕ್ಕೆ ಇಡುವ ಸ್ವಾತಂತ್ರ್ಯ ಅವನಿಗೆ ಸಿಕ್ಕಿದ್ದು ಹೀಗೆ. ಊರವರು ಸುಮ್ಮನಿರಲಿಲ್ಲ, ಸಾರ್ವಜನಿಕರಿಗೂ ಬಾಗಿಲು ತೆರೆಯಬೇಕೆಂದು ಒತ್ತಾಯಿಸಿದರು. ಅವರ ಒತ್ತಾಯದ ಫಲವಾಗಿ ನಾವೆಲ್ಲ ಇವತ್ತು ಒಳಗೆ ಹೋಗುತ್ತಿದ್ದೇವೆ.

ನಾನು ಮೈಸೂರು ಶೈಲಿಯ ಚಿತ್ರ ಬರೆಯುವವಳು. ಆದ್ದರಿಂದ ಅಲ್ಲಿ ನನ್ನ ಕಣ್ಣು ಮೊದಲು ಹೋದದ್ದು ವಸ್ತುವಿನ ಕಡೆಗೆ. ಅಮೃತಶಿಲೆ ಎಂದು ನೀವು ನೋಡಿದ ಕೆಂಪು, ಕಂದು, ಹಸಿರು ಮೈಯಲ್ಲಿ ಬಹಳಷ್ಟು ಕಲ್ಲೇ ಅಲ್ಲ. ಜಿಪ್ಸಂ ಪುಡಿಗೆ ಅಂಟಿನ ನೀರು, ಬಣ್ಣ ಸೇರಿಸಿ ಹಿಟ್ಟಿನ ಹದಕ್ಕೆ ನಾದುತ್ತಾರೆ. ಬೇರೆ ಬೇರೆ ಬಣ್ಣದ ಉಂಡೆಗಳನ್ನು ಅದುಮಿ, ಕೊಯ್ದು, ಗೋಡೆಗೆ ಹಚ್ಚುತ್ತಾರೆ. ಕೊಯ್ದ ಕಡೆ ಕಲ್ಲಿನ ನರಗಳಂಥ ಗೆರೆಗಳು ಮೂಡುತ್ತವೆ. ಒಣಗಿದ ಮೇಲೆ ಕಲ್ಲಿನಿಂದ ಉಜ್ಜಿ, ಗುಳಿ ಬಿದ್ದ ಕಡೆ ಮತ್ತೆ ತುಂಬಿ, ಮತ್ತೆ ಉಜ್ಜಿ ಹೊಳಪು ತರಿಸುತ್ತಾರೆ. ನಿಜವಾದ ಅಮೃತಶಿಲೆ ಮುಟ್ಟಿದರೆ ತಣ್ಣಗಿರುತ್ತದೆ, ಇದು ಅಷ್ಟು ತಣ್ಣಗಿರುವುದಿಲ್ಲ. ಈ ಕೆಲಸದಲ್ಲಿ ಹಣಕ್ಕಿಂತ ಹೆಚ್ಚು ಸುರಿಯುವುದು ಕೈಯ ಶ್ರಮ.

ಚಿನ್ನವೂ ಹಾಗೆಯೇ. ಬಡಿದು ತೆಳುವಾಗಿಸಿದ ರೇಕಿನ ದಪ್ಪ ಮಿಲಿಮೀಟರ್‌ನ ಹತ್ತು ಸಾವಿರದ ಒಂದು ಭಾಗದ ಆಸುಪಾಸು. ಉಸಿರು ಬಿಟ್ಟರೆ ಹಾರಿಹೋಗುತ್ತದೆ. ಮೈಸೂರು ಚಿತ್ರದಲ್ಲಿ ನಾವು ಬಿಳಿಯ ಪುಡಿಗೆ ಮಕ್ಕಿ ಅಂಟು ಸೇರಿಸಿ, ಆಭರಣದ ಜಾಗವನ್ನು ಕೂದಲೆಳೆಯಷ್ಟು ಉಬ್ಬಿಸಿ, ಅದರ ಮೇಲೆ ರೇಕು ಕೂರಿಸುತ್ತೇವೆ. ಎಲ್ಲಿ ಉಬ್ಬಿದೆಯೋ ಅಲ್ಲಿ ಬೆಳಕು ಹಿಡಿಯುತ್ತದೆ, ಎಲ್ಲಿ ತಗ್ಗಿದೆಯೋ ಅಲ್ಲಿ ಚಿನ್ನ ಕಪ್ಪಾಗಿ ಕಾಣುತ್ತದೆ. ಆಸಾಮ್ ಚರ್ಚ್‌ನ ಮಬ್ಬು ಗೋಡೆಯಲ್ಲಿ ಚಿನ್ನ ಇಟ್ಟಿರುವುದು ಇದೇ ಲೆಕ್ಕಾಚಾರದಿಂದ. ಅದು ಬೆಳಕು ಕಡಿಮೆ ಇರುವ ಕಡೆ ಅಂಚುಗಳನ್ನು ಬರೆದು ತೋರಿಸುತ್ತದೆ. ಹೊರಗಿನ ಬೀದಿಯ ಬಿಸಿಲಿನಿಂದ ಬಂದ ಕೂಡಲೇ ಕಣ್ಣಿಗೆ ಅದು ಗೊಂದಲವಾಗಿಯೇ ಕಾಣುತ್ತದೆ. ಕಣ್ಣು ಮಬ್ಬಿಗೆ ಹೊಂದಿಕೊಳ್ಳಲು ಹೊತ್ತು ಬೇಕು. ಕುಳಿತುಕೊಳ್ಳಿ ಎಂದು ಇಸಾರ್‌ದಂಡೆಯವರು ಹೇಳಿದ್ದಕ್ಕೆ ನನ್ನ ಪೂರ್ಣ ಸಮ್ಮತಿ ಇರುವುದು ಈ ಕಾರಣಕ್ಕೆ.

ಸೇತುವೆ

ಯಾರೂ ಸಂತನ ಕತೆ ಹೇಳಲಿಲ್ಲವಲ್ಲ! ಅದು ತಿಳಿಯದೆ ಒಳಗೆ ಹೋದರೆ ಅರ್ಧ ಚರ್ಚ್ ಕೈತಪ್ಪಿದ ಹಾಗೆ. ನಾನು ಕೆಲಸದ ನಿಮಿತ್ತ ಪ್ರಾಗ್‌ನಲ್ಲಿದ್ದೇನೆ. ಅಲ್ಲಿನ ಚಾರ್ಲ್ಸ್ ಸೇತುವೆಯ ಮೇಲೆ 1683ರಲ್ಲಿ ನಿಲ್ಲಿಸಿದ ಇವನ ಕಂಚಿನ ಪ್ರತಿಮೆ ಇದೆ. ದಾರಿಹೋಕರು ಮುಟ್ಟಿ ಮುಟ್ಟಿ ಅದರ ಪೀಠದ ಫಲಕದ ಒಂದು ಭಾಗ ಮಿರಮಿರ ಮಿಂಚುತ್ತದೆ.

ಯೋಹಾನ ನೆಪೋಮುಕ್ ಪ್ರಾಗ್‌ನ ಆರ್ಚ್‌ಬಿಷಪ್ಪರ ಕೈಕೆಳಗೆ ದೊಡ್ಡ ಹುದ್ದೆಯಲ್ಲಿದ್ದ ಪಾದ್ರಿ. ದೊರೆ ನಾಲ್ಕನೆಯ ವೆನ್ಸೆಸ್ಲಾಸ್‌ನ ಆಜ್ಞೆಯಂತೆ 1393ರ ಮಾರ್ಚ್ 20ರಂದು ಅವನನ್ನು ವಲ್ತಾವಾ ನದಿಗೆ ಎಸೆದು ಕೊಂದರು. ಚರಿತ್ರೆಕಾರರು ಇದರ ಹಿಂದೆ ದೊರೆ ಮತ್ತು ಆರ್ಚ್‌ಬಿಷಪ್ಪರ ನಡುವಿನ ಅಧಿಕಾರದ ಜಗಳವನ್ನು, ಒಂದು ಮಠದ ಮುಖ್ಯಸ್ಥನ ನೇಮಕದ ತಕರಾರನ್ನು ಕಾಣುತ್ತಾರೆ. ಜನರು ಹೇಳಿಕೊಂಡು ಬಂದ ಕತೆ ಬೇರೆ. ರಾಣಿಯ ಪಾಪನಿವೇದನೆ, ಅಂದರೆ ಪಾದ್ರಿಯ ಮುಂದೆ ಗುಟ್ಟಾಗಿ ತಪ್ಪೊಪ್ಪಿಕೊಳ್ಳುವ ಮಾತು, ಕೇಳುತ್ತಿದ್ದವನು ಇವನೇ. ಅವಳು ಏನು ಹೇಳಿದಳೆಂದು ತಿಳಿಸು ಎಂದು ದೊರೆ ಹಿಂಸಿಸಿದರೂ ಬಾಯಿ ಬಿಡಲಿಲ್ಲ. ಅದಕ್ಕೇ ಕೊಂದರು. ದೇಹ ಬಿದ್ದ ನೀರಿನ ಮೇಲೆ ಐದು ನಕ್ಷತ್ರಗಳು ಬೆಳಗಿದವಂತೆ. ಅವನ ಪ್ರತಿಮೆಗಳ ತಲೆಯ ಸುತ್ತ ಐದು ನಕ್ಷತ್ರಗಳಿರುವುದು ಆ ಕತೆಯಿಂದಾಗಿ. 1719ರಲ್ಲಿ ಸಮಾಧಿ ತೆರೆದಾಗ ನಾಲಿಗೆ ಮಾತ್ರ ಕೊಳೆಯದೆ ಉಳಿದಿದೆ ಎಂದು ಜನ ನಂಬಿದರು. ಗುಟ್ಟು ಕಾಯ್ದ ನಾಲಿಗೆ! 1729ರಲ್ಲಿ ಪೋಪ್ ಹದಿಮೂರನೆಯ ಬೆನೆಡಿಕ್ಟ್ ಅವನನ್ನು ಸಂತನೆಂದು ಸಾರಿದರು.

ಈಗ ವರ್ಷಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಸಂತನೆಂದು ಸಾರಿದ್ದು 1729, ಆಸಾಮ್ ಚರ್ಚ್‌ನ ಕೆಲಸ ಶುರುವಾದದ್ದು 1733. ಅಂದರೆ ಊರೆಲ್ಲ ಹೊಸ ಸಂತನ ಮಾತೇ ಆಡುತ್ತಿದ್ದ ಕಾಲ. ಪಾಪನಿವೇದನೆಯ ಗುಟ್ಟಿಗೆ ಪ್ರಾಣ ಕೊಟ್ಟವನ ಚರ್ಚ್ ಎಂದ ಮೇಲೆ, ಇಷ್ಟು ಚಿಕ್ಕ ಜಾಗದಲ್ಲೂ ನಿವೇದನೆಯ ಗೂಡುಗಳಿಗೆ ಅಷ್ಟೊಂದು ಮಹತ್ವ ಕೊಟ್ಟದ್ದು ಸಹಜ. ಅವುಗಳ ಮೇಲಿನ ಸಾಂಕೇತಿಕ ಶಿಲ್ಪಗಳನ್ನು ಬಿಡದೆ ನೋಡಿ. ಇಸಾರ್‌ದಂಡೆಯವರು ಹೇಳಿದ ಬುಡದ ಬಂಡೆಗಳೂ ನನ್ನ ಕಣ್ಣಿಗೆ ನದಿಯ ದಂಡೆಯ ಬಂಡೆಗಳೇ. ನೀರಿನಲ್ಲಿ ಸತ್ತವನು, ಸೇತುವೆಗಳನ್ನು ಕಾಯುವವನು, ಪ್ರವಾಹದಲ್ಲಿ ಮೊರೆ ಕೇಳುವವನು ಅವನು. ಕೋಸ್ಮಾಸ್ ಡಾಮಿಯಾನ್ ಚಾವಣಿಯ ಮೇಲೆ ಬರೆದಿರುವುದೂ ಅವನ ಬದುಕನ್ನೇ. ಪ್ರಧಾನ ಬಲಿಪೀಠದಲ್ಲಿ ಅವನ ಪವಿತ್ರ ಅವಶೇಷವೊಂದನ್ನು ಇಟ್ಟಿದ್ದಾರೆ.

ಹಳೆಕಲ್ಲು

ಗೋಡೆಚಿತ್ರ ಮೇಡಂ, ಸೇತುವೆಯವರೇ, ಇಬ್ಬರಿಗೂ ವಂದನೆಗಳು. ಸ್ವಂತ ದುಡಿಮೆಯದು ಎಂದು ತಿಳಿದ ಮೇಲೆ ಸಿರಿವಂತಿಕೆಯ ಮಾತನ್ನು ಹಿಂದಕ್ಕೆ ಪಡೆಯುತ್ತೇನೆ. ಆದರೆ ನನ್ನ ಮೂಲ ತಕರಾರು ಹಾಗೆಯೇ ಇದೆ. ಕಲಾವಿದ ತನ್ನ ಕೈಚಳಕವನ್ನೆಲ್ಲ ಒಂದೇ ಕೋಣೆಯಲ್ಲಿ ಸುರಿದರೆ ನೋಡುವವನಿಗೆ ಉಳಿಯುವುದು ಬೆರಗು ಮಾತ್ರ. ಬೆರಗು ಬೇರೆ, ಭಕ್ತಿ ಬೇರೆ. ಇದನ್ನು ಅಲ್ಲಿ ಪ್ರಾರ್ಥನೆ ಮಾಡಿದವರು ಯಾರಾದರೂ ಹೇಳಿದರೆ ಕೇಳಲು ಸಿದ್ಧನಿದ್ದೇನೆ.

ನೇತ್ರಾವತಿ

ಹಳೆಕಲ್ಲು ಅವರೇ, ನಾನು ಹೇಳುತ್ತೇನೆ. ನಾನು ಮಂಗಳೂರಿನ ಕಥೋಲಿಕಳು. ಮ್ಯೂನಿಕ್‌ನಲ್ಲಿ ಮಗಳ ಮನೆಯಲ್ಲಿದ್ದಾಗ ಆ ಇಗರ್ಜಿಯಲ್ಲಿ ಬಲಿಪೂಜೆಗೆ ಕುಳಿತಿದ್ದೇನೆ. ಭಾಷೆ ಅಷ್ಟಾಗಿ ಬಾರದ ನನಗೆ ಪ್ರವಚನ ಪೂರ್ತಿ ತಿಳಿಯಲಿಲ್ಲ. ಆದರೆ ಏನು ಹೇಳುತ್ತಿದ್ದಾರೆ ಎಂಬುದನ್ನು ಗೋಡೆಗಳೇ ಹೇಳಿದವು.

ಬಲಿಪೀಠದ ನಾಲ್ಕು ತಿರುಚಿದ ಕಂಬಗಳ ಮೇಲೆ ಕಣ್ಣೆತ್ತಿ ನೋಡಿ. ತಂದೆಯಾದ ದೇವರು ತಲೆಗೆ ಮೂರು ಹಂತದ ಕಿರೀಟ ಧರಿಸಿ, ಶಿಲುಬೆಗೇರಿದ ಮಗನ ಮೇಲೆ ಬಾಗಿದ್ದಾರೆ. ಇದನ್ನು ಕೃಪಾಸನ ಎನ್ನುತ್ತೇವೆ. ಬೇರೆ ಕಡೆ ಚಿತ್ರದಲ್ಲಿ ನೋಡಿದ್ದೆ. ಇಲ್ಲಿ ಅದು ಗಾಳಿಯಲ್ಲಿ ನಿಂತಿದೆ, ಹಿಂದಿನಿಂದ ಬೆಳಕು ಬೀಳುತ್ತದೆ. ಪೂಜೆಯಲ್ಲಿ ಗುರುಗಳು ಕೆಳಗೆ ರೊಟ್ಟಿಯನ್ನು ಎತ್ತಿ ಹಿಡಿದಾಗ ನಮ್ಮ ದೃಷ್ಟಿ ಅವರ ಕೈಯಿಂದ ನೇರ ಮೇಲಕ್ಕೆ ಆ ಮಗನ ಮೈಗೆ ಹೋಗಿ ನಿಲ್ಲುತ್ತದೆ. ಕೆಳಗೆ ನಡೆಯುತ್ತಿರುವ ಬಲಿ ಮತ್ತು ಮೇಲೆ ಕಾಣುವ ಬಲಿ ಒಂದೇ ಎಂಬುದು ನಮ್ಮ ನಂಬಿಕೆಯ ತಿರುಳು. ಅದನ್ನು ಒಂದು ಮಾತೂ ಇಲ್ಲದೆ ಕಟ್ಟಡದಲ್ಲೇ ಹೇಳಿದ್ದಾರೆ. ನಾನು ಅತ್ತುಬಿಟ್ಟೆ. ಅದು ಬೆರಗಿನ ಅಳುವಲ್ಲ.

ಇನ್ನೊಂದನ್ನೂ ಗಮನಿಸಿ. ಪ್ರವಚನ ಪೀಠದ ಎದುರಿನ ಶಿಲುಬೆಯನ್ನು ಆ ಕಾಲದ ಪದ್ಧತಿಯಂತೆ ಪೀಠಕ್ಕಿಂತ ಎತ್ತರದಲ್ಲಿ ತೂಗುಹಾಕಬೇಕಿತ್ತು, ಪ್ರವಚನ ಮಾಡುವವರು ತಲೆಯೆತ್ತಿ ಕ್ರಿಸ್ತನನ್ನು ನೋಡಬೇಕೆಂದು. ಎಗಿಡ್ ಅದನ್ನು ಕೆಳಗೆ ಇಟ್ಟ. ಬೆಂಚಿನಲ್ಲಿ ಕುಳಿತ ನಮ್ಮಂಥವರಿಗೆ ಕ್ರಿಸ್ತ ಹತ್ತಿರವಾದ. ಬಾಗಿಲ ಬಳಿ ಚಿನ್ನದ ಮೈಯ ಮೃತ್ಯು ಕತ್ತರಿ ಹಿಡಿದು ಬದುಕಿನ ದಾರವನ್ನು ಕತ್ತರಿಸಲು ನಿಂತಿದೆ. ಒಳಗೆ ಬರುವಾಗ ಅದನ್ನು ದಾಟಿಯೇ ಬರಬೇಕು, ಹೊರಗೆ ಹೋಗುವಾಗಲೂ ದಾಟಿಯೇ ಹೋಗಬೇಕು. ಇಷ್ಟೆಲ್ಲ ಯೋಚಿಸಿದವನು ಬರೀ ಕೈಚಳಕ ತೋರಿಸಲು ಕುಳಿತಿದ್ದ ಎಂದು ನನಗೆ ಅನ್ನಿಸುವುದಿಲ್ಲ.

ನಮ್ಮೂರಿನ ಮಾತನ್ನೂ ಸೇರಿಸುತ್ತೇನೆ. ಮಂಗಳೂರಿನ ಸಂತ ಅಲೋಶಿಯಸ್ ಪ್ರಾರ್ಥನಾಲಯವನ್ನು ನೋಡದವರು ದಯವಿಟ್ಟು ನೋಡಿ. ಇಟಲಿಯ ಬೆರ್ಗಾಮೊ ಕಡೆಯ ಜೆಸುಯಿಟ್ ಸಹೋದರ ಆಂತೋನಿಯೊ ಮೊಸ್ಕೆನಿ 1899ರಲ್ಲಿ ಶುರುಮಾಡಿ ಸುಮಾರು ಎರಡು ವರ್ಷದಲ್ಲಿ ಗೋಡೆ, ಚಾವಣಿಗಳನ್ನು ತುಂಬಿಸಿದರು. ಹಸಿ ಗಾರೆಯ ಮೇಲೆ ಬರೆದದ್ದೂ ಇದೆ, ಕ್ಯಾನ್‌ವಾಸ್ ಮೇಲೆ ತೈಲವರ್ಣದಲ್ಲಿ ಬರೆದದ್ದೂ ಇದೆ. ನಮ್ಮ ಕರಾವಳಿಯ ಮಳೆ, ತೇವ ತಡೆದು ಅವು ನಿಂತಿವೆ. 1905ರಲ್ಲಿ ಅವರು ಕೊಚ್ಚಿಯಲ್ಲಿ ತೀರಿಕೊಂಡರು. ಚಿತ್ರದಿಂದ ಚಾವಣಿಯನ್ನೇ ಆಕಾಶವಾಗಿ ತೆರೆಯುವ ಆ ವಿದ್ಯೆ ಇಟಲಿಯಿಂದ ಆಲ್ಪ್ಸ್ ದಾಟಿ ಆಸಾಮ್ ಸಹೋದರರಿಗೂ ಬಂತು, ಸಮುದ್ರ ದಾಟಿ ನಮ್ಮ ಲೈಟ್‌ಹೌಸ್ ಗುಡ್ಡಕ್ಕೂ ಬಂತು.

ಹಳೆಕಲ್ಲು

ನೇತ್ರಾವತಿ ಅಮ್ಮ, ನೀವು ಬರೆದದ್ದನ್ನು ಎರಡು ಸಲ ಓದಿದೆ. ಬಲಿಪೂಜೆ ನಡೆಯುವಾಗ ನಾನು ಅಲ್ಲಿ ಕುಳಿತಿಲ್ಲ. ಆ ಕಟ್ಟಡವನ್ನು ಯಾವ ಕೆಲಸಕ್ಕೆ ಕಟ್ಟಿದರೋ ಆ ಕೆಲಸ ನಡೆಯುತ್ತಿರುವಾಗ ನೋಡದೆ ತೀರ್ಪು ಕೊಡುವುದು ಸರಿಯಲ್ಲ. ಬಿಳಿಯ ಗೋಡೆಯ ಮೌನವೇ ನನಗೆ ಈಗಲೂ ಹೆಚ್ಚು ಪ್ರಿಯ, ಅದು ನನ್ನ ಸ್ವಭಾವ.

ಇಸಾರ್‌ದಂಡೆ

ಈ ಚರ್ಚೆ ಇಷ್ಟು ಚೆನ್ನಾಗಿ ಬೆಳೆಯುತ್ತಿರುವಾಗ ಅಣ್ಣತಮ್ಮಂದಿರ ಬಗ್ಗೆ ಇನ್ನಷ್ಟು ಹೇಳಲೇಬೇಕು.

ಅವರ ತಂದೆ ಹನ್ಸ್ ಗೇಯೋರ್ಗ್ ಆಸಾಮ್ ಕೂಡ ಚಿತ್ರಕಾರ. ಬವೇರಿಯಾದ ಮಠಗಳ ಚರ್ಚ್‌ಗಳಲ್ಲಿ ಚಾವಣಿಚಿತ್ರ ಬರೆದವನು. ಅಪ್ಪನ ಜೊತೆ ಅಟ್ಟಣಿಗೆ ಹತ್ತಿ ಬೆಳೆದ ಮಕ್ಕಳು ಇವರು. ಅಪ್ಪ 1711ರಲ್ಲಿ ತೀರಿಕೊಂಡ ಮೇಲೆ ಅಣ್ಣ ರೋಮ್‌ಗೆ ಹೋಗಿ ಕಲಿತ. 1713ರಲ್ಲಿ ಅಲ್ಲಿನ ಸಂತ ಲೂಕನ ಹೆಸರಿನ ಕಲಾ ಅಕಾಡೆಮಿಯ ಬಹುಮಾನ ಗೆದ್ದ. ತಮ್ಮ ಮ್ಯೂನಿಕ್‌ನಲ್ಲೇ ಒಬ್ಬ ಶಿಲ್ಪಿಯ ಕೈಕೆಳಗೆ ಪಳಗಿದ. ಬಲಿಪೀಠದ ತಿರುಚಿದ ಕಂಬಗಳನ್ನು ನೋಡಿದವರಿಗೆ ರೋಮ್‌ನ ಸಂತ ಪೇತ್ರನ ಬಸಿಲಿಕಾದಲ್ಲಿ ಇಟಲಿಯ ಶಿಲ್ಪಿ ಬೆರ್ನಿನಿ ನಿಲ್ಲಿಸಿದ ಕಂಚಿನ ಮಂಟಪ ನೆನಪಾಗದೆ ಇರದು. ಜಗತ್ತಿನ ಅತಿ ದೊಡ್ಡ ಚರ್ಚ್‌ಗಾಗಿ ಹುಟ್ಟಿದ ಕಲ್ಪನೆಯನ್ನು 8 ಮೀಟರ್ ಅಗಲದಲ್ಲಿ ಕೂರಿಸಿ ಗೆದ್ದದ್ದು ಸಣ್ಣ ಸಾಹಸವಲ್ಲ.

ನನ್ನನ್ನು ಹೆಚ್ಚು ತಟ್ಟುವುದು ತಮ್ಮನ ಬದುಕು. ಎಗಿಡ್ ಮದುವೆಯಾಗಲಿಲ್ಲ. ಚರ್ಚ್‌ನ ಪಕ್ಕದ ಆಸಾಮ್ ಮನೆ ಅವನದು. ಅದರ ಮುಂಗೋಡೆಯ ತುಂಬ ಅವನೇ ಗಾರೆಯ ಉಬ್ಬುಶಿಲ್ಪ ಮಾಡಿದ್ದಾನೆ, ಅದನ್ನು ನೋಡಲು ಮರೆಯಬೇಡಿ. ಆ ಮನೆಯ ಒಂದು ಕಿಟಕಿಯಿಂದ ನೇರವಾಗಿ ಬಲಿಪೀಠ ಕಾಣುವಂತೆ ಮಾಡಿಕೊಂಡಿದ್ದ. ಕೆಲಸ ನಡೆಯುತ್ತಿರುವಾಗಲೇ, 1739ರಲ್ಲಿ, ಅಣ್ಣ ತೀರಿಕೊಂಡ. ಮುಂದಿನ ಏಳು ವರ್ಷ ತಮ್ಮ ಒಬ್ಬನೇ ಕೆಲಸ ನಡೆಸಿ ಮುಗಿಸಿದ. ತಲೆಯೆತ್ತಿದರೆ ಅಣ್ಣನ ಚಿತ್ರ, ಕೆಳಗೆ ತನ್ನ ಕೈಯ ಗಾರೆ. ಆದರೂ ಅವನ ಸಾವು ಈ ಮನೆಯಲ್ಲಿ ಆಗಲಿಲ್ಲ. 1750ರಲ್ಲಿ ಮಾನ್‌ಹೈಮ್‌ನ ಜೆಸುಯಿಟ್ ಚರ್ಚ್‌ನಲ್ಲಿ ಕೆಲಸ ಮಾಡುತ್ತಿದ್ದಾಗ ಅಲ್ಲೇ ತೀರಿಕೊಂಡ.

ಈಗ ನಾವು ನೋಡುವ ಚರ್ಚ್ ಹಾಗೆಯೇ ಉಳಿದು ಬಂದದ್ದಲ್ಲ ಎಂಬುದನ್ನೂ ಹೇಳಬೇಕು. 1944ರ ಬಾಂಬ್ ದಾಳಿಯಲ್ಲಿ ಬಲಿಪೀಠದ ಭಾಗಕ್ಕೆ ಪೆಟ್ಟು ಬಿತ್ತು. 1975ರಿಂದ 1983ರವರೆಗೆ ಹಳೆಯ ದಾಖಲೆಗಳನ್ನು ಹುಡುಕಿ, ಅಧ್ಯಯನ ಮಾಡಿ, ಆದಷ್ಟು ಮೂಲರೂಪಕ್ಕೆ ತಂದರು. ಮಾಳಿಗೆಯ ಬಲಿಪೀಠದ ಇಕ್ಕೆಲದ ಇಬ್ಬರು ದೇವದೂತರು ಆಸಾಮ್ ಕೈಯವರಲ್ಲ. ಅವು ಆಮೇಲಿನ ತಲೆಮಾರಿನ ಶಿಲ್ಪಿ ಇಗ್ನಾಟ್ಸ್ ಗ್ಯುಂಟರ್‌ನ ಕೃತಿಗಳು.

ಇನ್ನು, ಆಸಾಮ್ ಚರ್ಚ್ ನೋಡಿದವರು ತಪ್ಪದೆ ಹೋಗಬೇಕಾದ ಇನ್ನೊಂದು ಚರ್ಚ್ ನಡೆದುಹೋಗುವಷ್ಟೇ ದೂರದಲ್ಲಿದೆ: ಸಂತ ಅನ್ನಾ ಹೆಸರಿನ ಡಾಮೆನ್‌ಷ್ಟಿಫ್ಟ್ ಚರ್ಚ್. ಅದರ ಒಳಾಂಗಣವೂ ಇದೇ ಸಹೋದರರದ್ದು, 1730ರ ದಶಕದ್ದು. ಯುದ್ಧದಲ್ಲಿ ಅದು ಸುಟ್ಟು ಹಾಳಾಯಿತು. ಮತ್ತೆ ಕಟ್ಟುವಾಗ ಚಾವಣಿಚಿತ್ರಗಳಿಗೆ ಆಧಾರವಾಗಿ ಸಿಕ್ಕಿದ್ದು ಕಪ್ಪು ಬಿಳುಪು ಫೋಟೋಗಳು ಮಾತ್ರ. ಮೂಲದ ಬಣ್ಣ ಯಾವುದು ಎಂದು ಹೇಳುವ ಆಧಾರ ಇರಲಿಲ್ಲ. ಊಹಿಸಿ ಬಣ್ಣ ಹಚ್ಚುವುದನ್ನು ಅವರು ಒಪ್ಪಲಿಲ್ಲ, ಚಿತ್ರಗಳನ್ನು ಕಂದು ಛಾಯೆಯ ಏಕವರ್ಣದಲ್ಲೇ ಬರೆಸಿದರು. ಹಳೆಯ ಕಟ್ಟಡಗಳ ಜೀರ್ಣೋದ್ಧಾರದ ಹೆಸರಿನಲ್ಲಿ ಸಿಕ್ಕ ಸಿಕ್ಕ ಬಣ್ಣ ಬಳಿಯುವುದನ್ನು ಕಂಡು ನೊಂದವನು ನಾನು. ಆ ಪ್ರಾಮಾಣಿಕತೆಯ ಮುಂದೆ ತಲೆಬಾಗುತ್ತೇನೆ. ಗೊತ್ತಿಲ್ಲದ ಬಣ್ಣವನ್ನು ಗೊತ್ತಿಲ್ಲ ಎಂದೇ ಬಿಟ್ಟಿದ್ದಾರೆ.

ಗೋಡೆಚಿತ್ರ

ಡಾಮೆನ್‌ಷ್ಟಿಫ್ಟ್ ನಾನು ನೋಡಿಲ್ಲ, ಈಗ ನೋಡಲೇಬೇಕು ಎನ್ನಿಸುತ್ತಿದೆ. ಒಂದು ಚಿತ್ರದಲ್ಲಿ ಬಣ್ಣ ತೆಗೆದು ನೋಡಿದರೆ ರೇಖೆ ಎಷ್ಟು ಗಟ್ಟಿ, ನೆರಳು ಬೆಳಕಿನ ಹಂಚಿಕೆ ಎಷ್ಟು ಗಟ್ಟಿ ಎಂಬುದು ತಾನೇ ಗೊತ್ತಾಗುತ್ತದೆ. ಚಿತ್ರ ಕಲಿಯುವವರಿಗೆ ಎರಡೂ ಚರ್ಚ್‌ಗಳನ್ನು ಒಂದೇ ದಿನ ನೋಡುವುದು ದೊಡ್ಡ ಪಾಠ.

ತುಂಗಾತೀರ

ಇದನ್ನೆಲ್ಲ ಅಪ್ಪನಿಗೆ ಓದಿ ಹೇಳಿದೆ. ಬೆರ್ನಿನಿ ಎಂದ ಕೂಡಲೇ ನೋಟ್‌ಬುಕ್ ತೆಗೆದರು. ಅಮ್ಮನಿಗೆ ನೇತ್ರಾವತಿ ಅಮ್ಮನವರ ಮಾತು ತುಂಬಾ ಹಿಡಿಸಿತು. "ಪೂಜೆ ನಡೆಯುವಾಗ ಹಿಂದೆ ಕೂತುಕೊಳ್ಳಬಹುದಾ, ಅವರಿಗೆ ತೊಂದರೆ ಆಗುವುದಿಲ್ಲವಾ" ಎಂದು ಕೇಳುತ್ತಿದ್ದಾರೆ. ಮ್ಯೂನಿಕ್‌ನಿಂದ ಒಂದು ದಿನದಲ್ಲಿ ಹೋಗಿ ಬರುವಂಥ, ಈ ಸಹೋದರರ ಬೇರೆ ಕೆಲಸ ಇದ್ದರೆ ತಿಳಿಸಿ.

ನೇತ್ರಾವತಿ

ಅಮ್ಮನವರು ಧಾರಾಳವಾಗಿ ಕುಳಿತುಕೊಳ್ಳಬಹುದು. ಎಲ್ಲರೂ ಎದ್ದಾಗ ಏಳಲಿ, ಕುಳಿತಾಗ ಕೂರಲಿ. ಮಂಡಿಯೂರುವ ಹೊತ್ತಿಗೆ ಸುಮ್ಮನೆ ಕುಳಿತಿದ್ದರೂ ನಡೆಯುತ್ತದೆ. ಪ್ರಸಾದದ ರೊಟ್ಟಿ ಸ್ವೀಕರಿಸಲು ಸಾಲು ಹೊರಟಾಗ ಮಾತ್ರ ಜಾಗದಲ್ಲೇ ಇರಬೇಕು, ಅದು ಕಥೋಲಿಕರಿಗೆ ಮೀಸಲು. ಚರ್ಚ್ ಚಿಕ್ಕದು, ಹಾಗಾಗಿ ಸ್ವಲ್ಪ ಮುಂಚೆ ಹೋಗಿ ಹಿಂದಿನ ಬೆಂಚು ಹಿಡಿಯಿರಿ.

ಸೇತುವೆ

ತುಂಗಾತೀರ ಅವರೇ, ಒಂದು ದಿನ ಕೈಯಲ್ಲಿದ್ದರೆ ವೆಲ್ಟೆನ್‌ಬುರ್ಗ್ ಮಠಕ್ಕೆ ಹೋಗಿ. ಕೆಲ್‌ಹೈಮ್ ಊರಿನಿಂದ ದೋಣಿ ಹಿಡಿದು, ಡ್ಯಾನ್ಯೂಬ್ ನದಿ ಎರಡು ಕಡೆಯ ಸುಣ್ಣಕಲ್ಲಿನ ಬಂಡೆಗಳನ್ನು ಸೀಳಿಕೊಂಡು ಹರಿಯುವ ಕಮರಿಯಲ್ಲಿ ಸಾಗಿದರೆ ನದಿಯ ತಿರುವಿನಲ್ಲೇ ಮಠ ಸಿಗುತ್ತದೆ. ನಡಿಗೆ ಕಡಿಮೆ. ದೋಣಿಗಳು ಚಳಿಗಾಲದಲ್ಲಿ ಓಡುವುದಿಲ್ಲ, ಅಕ್ಟೋಬರ್‌ನಲ್ಲಿ ಬರುವುದಾದರೆ ವೇಳಾಪಟ್ಟಿ ಮೊದಲೇ ನೋಡಿಕೊಳ್ಳಿ.

ಅಲ್ಲಿ ಬಲಿಪೀಠದಲ್ಲಿ ಕುದುರೆಯೇರಿದ ಸಂತ ಜಾರ್ಜ್ ಘಟಸರ್ಪವನ್ನು ಇರಿಯುತ್ತಾ ಬರುತ್ತಾನೆ. ಹಿಂದಿನ ಮರೆಯ ಕಿಟಕಿಯಿಂದ ಬೆಳಕು ನುಗ್ಗುತ್ತದೆ. ಸೆಂಡ್ಲಿಂಗರ್ ಬೀದಿಯಲ್ಲಿ ಮಾಡಿದ ಬೆಳಕಿನ ಕೆಲಸಕ್ಕೆ ಮೊದಲ ಪ್ರಯೋಗ ನಡೆದದ್ದು ಇಲ್ಲಿ ಎಂದು ನನಗೆ ಅನ್ನಿಸುತ್ತದೆ. ಆಮೇಲೆ ಅಪ್ಪನವರಿಗೆ ಗುಮ್ಮಟದ ಅಂಚಿನತ್ತ ನೋಡಲು ಹೇಳಿ. ಕಟಕಟೆಯ ಮೇಲಿನಿಂದ ಬಾಗಿ ಕೆಳಗೆ ನೋಡುತ್ತಾ ನಗುತ್ತಿರುವ ಒಬ್ಬ ಮನುಷ್ಯ ಕಾಣುತ್ತಾನೆ. ಅವನು ಕೋಸ್ಮಾಸ್ ಡಾಮಿಯಾನ್, ತಮ್ಮ ಗಾರೆಯಲ್ಲಿ ಮಾಡಿದ ಅಣ್ಣನ ಪ್ರತಿಮೆ. ಊಟಕ್ಕೆ ಮಠದ ಅಂಗಳದಲ್ಲೇ ವ್ಯವಸ್ಥೆ ಇದೆ. ಸಸ್ಯಾಹಾರ ಏನಿದೆ ಎಂದು ಕೇಳಿಕೊಂಡು ಹೋಗುವುದು ಒಳ್ಳೆಯದು.

ತುಂಗಾತೀರ

ಹಾಗಾದರೆ ಮೊದಲ ದಿನ ಬೆಳಿಗ್ಗೆ ಆಸಾಮ್ ಚರ್ಚ್, ಅಲ್ಲಿಂದ ಡಾಮೆನ್‌ಷ್ಟಿಫ್ಟ್, ಮಾರನೆಯ ದಿನ ವೆಲ್ಟೆನ್‌ಬುರ್ಗ್. ಭಾನುವಾರ ಬಲಿಪೂಜೆಗೆ ಅಮ್ಮನ ಜೊತೆ ನಾನೂ ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ. ಎಲ್ಲರಿಗೂ ವಂದನೆಗಳು. ಹೋಗಿ ಬಂದ ಮೇಲೆ ಅಪ್ಪನ ಟಿಪ್ಪಣಿಗಳನ್ನು ಇಲ್ಲೇ ಹಾಕುತ್ತೇನೆ.